ಮೂರು ಸೆಂಟಿಮೀಟರಿನ ಕಿಂಡಿ

ನನ್ನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಪಕ್ಕ ಒಂದು ಪ್ಲಾಸ್ಟಿಕ್ ಹಲಗೆ ನಿಂತಿದೆ. ಅದರಲ್ಲಿ ಬೇರೆ ಬೇರೆ ಅಗಲದ ಉದ್ದನೆಯ ಸೀಳುಗಳಿವೆ. ನೂರು ಯೆನ್ ಅಂಗಡಿಯಲ್ಲಿ ಕೊಂಡದ್ದು, ತೆರಿಗೆ ಸೇರಿ 110 ಯೆನ್. ನಾವು ಕಳುಹಿಸುವ ಪೊಟ್ಟಣ ಮೂರು ಸೆಂಟಿಮೀಟರಿನ ಕಿಂಡಿಯಲ್ಲಿ ತೂರಿದರೆ ಅಗ್ಗದ ದರ, ತೂರದಿದ್ದರೆ ದುಬಾರಿ ದರ. ಜಪಾನಿಗೆ ಬಂದು ಹತ್ತೊಂಬತ್ತು ವರ್ಷವಾದರೂ ಇಂಥದೊಂದು ಸಾಮಾನು ಮಾರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಮಗ ಮನೆ ಬಿಟ್ಟ ಮೇಲೆ.

2025ರ ಮಾರ್ಚ್‌ನಲ್ಲಿ ಒಬ್ಬನೇ ಮಗ ಕಾಲೇಜಿಗೆಂದು ಸಪ್ಪೊರೊಗೆ ಹೊರಟ. ಇಲ್ಲಿ ಶಾಲೆ, ಕಾಲೇಜು, ನೌಕರಿ ಎಲ್ಲವೂ ಏಪ್ರಿಲ್‌ಗೇ ಶುರು. ಹಾಗಾಗಿ ಮಾರ್ಚ್ ಬಂತೆಂದರೆ ಯಾವ ಬೀದಿಯಲ್ಲಿ ನೋಡಿದರೂ ಮನೆಸಾಮಾನಿನ ಲಾರಿಗಳು. ಅವನು ಎರಡು ಸೂಟ್‌ಕೇಸಿನಲ್ಲಿ ತನಗೆ ಬೇಕಾದದ್ದನ್ನು ತುಂಬಿಕೊಂಡು ಹೋದ. ಬೇಡವಾದ ಹನ್ನೆರಡು ವರ್ಷದ ಶಾಲೆ ಕೋಣೆಯಲ್ಲಿ ಹಾಗೇ ಉಳಿಯಿತು. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ ನಮ್ಮದು ಎರಡು ಕೋಣೆಯ ಮನೆ. 2000ದ ಸುಮಾರಿಗೆ ಕಂಪ್ಯೂಟರುಗಳ ದಿನಾಂಕ ಸರಿಪಡಿಸಲು ಬಂದ ನಮ್ಮ ದೇಶದ ಎಂಜಿನಿಯರುಗಳು, ತೋಜಾಯ್ ಮಾರ್ಗದ ರೈಲು ಹತ್ತಿದರೆ ನೇರವಾಗಿ ಕಚೇರಿ ತಲುಪಬಹುದೆಂದು ಇಲ್ಲಿ ಮನೆ ಹಿಡಿದರಂತೆ. ಈಗ ವಾರ್ಡಿನಲ್ಲಿ 5000ಕ್ಕೂ ಹೆಚ್ಚು ಭಾರತೀಯರಿದ್ದಾರೆ. ಬೇಳೆ, ಹುಣಸೆಹಣ್ಣು, ಇಂಗು ನಡೆದುಹೋಗುವಷ್ಟು ದೂರದಲ್ಲಿ ಸಿಗುತ್ತವೆ. ಜಾಗವೊಂದು ಮಾತ್ರ ಸಿಗುವುದಿಲ್ಲ.

ದೊಡ್ಡ ಸಾಮಾನನ್ನು ಇಲ್ಲಿ ಎಸೆಯುವುದೂ ಸುಲಭವಲ್ಲ. ಮೊದಲೇ ದಿನ ಗೊತ್ತುಮಾಡಿಕೊಂಡು, ಅಂಗಡಿಯಲ್ಲಿ 200 ಯೆನ್ನಿನ, 300 ಯೆನ್ನಿನ ಚೀಟಿ ಕೊಂಡು, ಮೇಜಿನ ಮೇಲೆ ಅಂಟಿಸಿ ಬೆಳಿಗ್ಗೆ ಹೊರಗಿಡಬೇಕು. ಎಸೆಯುವುದಕ್ಕೂ ದುಡ್ಡೇ ಎಂದು ಸಿಟ್ಟು ಬಂದು, ಸುತ್ತಮುತ್ತಲಿನವರಿಗೆ ಪುಕ್ಕಟೆ ಕೊಡಬಹುದಾದ ಜಾಲತಾಣವೊಂದರಲ್ಲಿ ಓದುವ ಮೇಜಿನ ಚಿತ್ರ ಹಾಕಿದೆ. ಒಂದು ಗಂಟೆಯಲ್ಲಿ ಏಳು ಜನ ಕೇಳಿದರು. ಮರುದಿನ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೈಗಾಡಿ ತಳ್ಳಿಕೊಂಡು ಬಂದರು. ಮೊಮ್ಮಗಳಿಗಿರಬಹುದು ಎಂದುಕೊಂಡು ಕೇಳಿದರೆ, ತಮಗೇ ಅಂತೆ. ಚೀನೀ ಭಾಷೆ ಕಲಿಯುತ್ತಿದ್ದಾರಂತೆ. ನಲವತ್ತೊಂಬತ್ತಕ್ಕೇ ಮುದುಕಿಯಾದೆನೆಂದು ಒಂದು ವಾರದಿಂದ ಮಂಕಾಗಿದ್ದ ನನಗೆ ನಾಚಿಕೆಯಾಯಿತು.

ಉಳಿದ ಸಣ್ಣ ಸಾಮಾನಿಗೆ ಮೆರುಕಾರಿ. ಇದು 2013ರಲ್ಲಿ ಶುರುವಾದ ಆ್ಯಪ್. ಮನೆಯ ಹಳೆಯ ವಸ್ತುವನ್ನು ಯಾರು ಬೇಕಾದರೂ ಮಾರಬಹುದು. ಕನಿಷ್ಠ ಬೆಲೆ 300 ಯೆನ್. ಮಾರಾಟವಾದರೆ ನೂರಕ್ಕೆ ಹತ್ತು ಅವರಿಗೆ. ಕೊಂಡವರ ಹೆಸರು, ವಿಳಾಸ ನಮಗೆ ಕಾಣದಂತೆ, ನಮ್ಮದು ಅವರಿಗೆ ಕಾಣದಂತೆ ಕಳುಹಿಸುವ ಏರ್ಪಾಡೂ ಇದೆ. ಆ ಪ್ಲಾಸ್ಟಿಕ್ ಹಲಗೆ ಮನೆಗೆ ಬಂದದ್ದು ಇದೇ ಕಾರಣಕ್ಕೆ.

ಆದರೆ ಮಾರುವುದಕ್ಕೆ ಮೊದಲು ಬರೆಯಲು ಕಲಿಯಬೇಕು. ನಮ್ಮಲ್ಲಾದರೆ ಹಳೆಯ ಸ್ಕೂಟರ್ ಮಾರುವವನು ‘ಹೊಸದರ ಹಾಗೇ ಇದೆ’ ಎಂದು ಆರಂಭಿಸುತ್ತಾನೆ. ಇಲ್ಲಿ ಆರಂಭವೇ ತಪ್ಪೊಪ್ಪಿಗೆ: ಮೇಲಿನ ಬಲ ಮೂಲೆಯಲ್ಲಿ ಮೂರು ಮಿಲಿಮೀಟರ್ ಗೀರು ಇದೆ, ಪುಟ 42ರಲ್ಲಿ ಪೆನ್ಸಿಲ್ ಗುರುತು ಇರಬಹುದು, ನಮ್ಮ ಮನೆಯಲ್ಲಿ ಬೆಕ್ಕಿದೆ, ತೀರಾ ಸೂಕ್ಷ್ಮ ಸ್ವಭಾವದವರು ದಯವಿಟ್ಟು ಕೊಳ್ಳಬೇಡಿ. ನಾನೂ ಮಗನ ಗಣಿತದ ಪುಸ್ತಕಗಳಿಗೆ ಪ್ರಾಮಾಣಿಕವಾಗಿ ಬರೆದೆ: ಬೆಕ್ಕಿಲ್ಲ, ಸಿಗರೇಟು ಸೇದುವವರಿಲ್ಲ, ಆದರೆ ದಿನವೂ ಸಾಸಿವೆ ಇಂಗಿನ ಒಗ್ಗರಣೆ ಹಾಕುತ್ತೇವೆ. ಕೊಂಡವರು ಯಾರೋ, ಪುಸ್ತಕ ತೆರೆದಾಗ ಹಸಿವಾಯಿತು ಎಂದು ಅಭಿಪ್ರಾಯ ಬರೆದು ಒಳ್ಳೆಯ ಅಂಕ ಕೊಟ್ಟರು.

ಮಾರಲಾಗದೆ ಉಳಿದದ್ದು ರಾಂದೊಸೆರು. ಒಂದನೆಯ ತರಗತಿಯ ಮಕ್ಕಳು ಬೆನ್ನಿಗೆ ಹಾಕಿಕೊಳ್ಳುವ ಗಟ್ಟಿ ಪೆಟ್ಟಿಗೆಯಂಥ ಚೀಲ ಅದು. ಆರು ವರ್ಷ ಒಂದೇ ಚೀಲ. 2013ರಲ್ಲಿ ಅದರ ಬೆಲೆ ಕೇಳಿ, ಇಷ್ಟು ದುಡ್ಡಿಗೆ ಊರಿನಲ್ಲಿ ಒಂದು ಹಸು ಬರುತ್ತದೆ ಎಂದು ಯಜಮಾನರೊಡನೆ ಜಗಳವಾಡಿದ್ದೆ. ಹಳೆಯ ರಾಂದೊಸೆರುಗಳನ್ನು ಅಫ್ಘಾನಿಸ್ತಾನದ ಮಕ್ಕಳಿಗೆ ಕಳುಹಿಸುವವರಿದ್ದಾರೆ, ಕತ್ತರಿಸಿ ಪರ್ಸ್ ಮಾಡಿಕೊಡುವವರಿದ್ದಾರೆ. ಎರಡೂ ಪುಟಗಳನ್ನು ತೆರೆದು ನೋಡಿ ಮುಚ್ಚಿದ್ದೇನೆ. ಚೀಲ ಕಪಾಟಿನ ಮೇಲೆಯೇ ಇದೆ, ಒಳಗೆ ಹೊಲಿಗೆ ಸಾಮಾನು.

ಮಾರಿ ಬಂದ ದುಡ್ಡು ಆ್ಯಪಿನಲ್ಲೇ ಕೂತಿರುತ್ತದಲ್ಲ, ಅದು ಕೈಯನ್ನು ಸುಮ್ಮನಿರಗೊಡುವುದಿಲ್ಲ. ಮೊದಲು ಕೊಂಡದ್ದು ಕರಿಬೇವಿನ ಸಸಿ. ತಪಾಸಣೆಯ ಪ್ರಮಾಣಪತ್ರವಿಲ್ಲದೆ ಊರಿನಿಂದ ಒಂದು ಎಲೆಯನ್ನೂ ತರುವಂತಿಲ್ಲ. ಇಷ್ಟು ವರ್ಷ ಅಂಗಡಿಯ ಒಣಗಿದ ಎಲೆಯನ್ನು ಎಣಿಸಿ ಎಣಿಸಿ ಹಾಕುತ್ತಿದ್ದೆ. ಗಿಡದ ಜಪಾನಿ ಹೆಸರು ಓಬಾಗೆಕ್ಕಿತ್ಸು ಎಂದು ತಿಳಿದ ದಿನವೇ ಹುಡುಕಿದರೆ, ಗೇಣುದ್ದದ ಸಸಿಗಳನ್ನು ಹಾಲಿನ ಪೊಟ್ಟಣದಲ್ಲಿ ನಿಲ್ಲಿಸಿ ಕಳುಹಿಸುವವರು ಹಲವರು! ಚಳಿಗಾಲದಲ್ಲಿ ಅದನ್ನು ಮನೆಯೊಳಗೆ, ಕಿಟಕಿಯ ಬಿಸಿಲಿಗೆ ಇಡಬೇಕು. ಈಗ ಮಗನ ಕೋಣೆಯ ಕಿಟಕಿ ಅದಕ್ಕೆ.

ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ರಾಗಿಗೂ ಒಂದು ಜಪಾನಿ ಹೆಸರಿದೆ, ಶಿಕೊಕುಬಿಯೆ. ಹಿಂದೆ ಇಲ್ಲಿನ ಬೆಟ್ಟದ ಹಳ್ಳಿಗಳವರು ಅದನ್ನು ಬೆಳೆದು ತಿನ್ನುತ್ತಿದ್ದರು. ಆ ಹೆಸರಿನ ಬೆನ್ನು ಹತ್ತಿ ಹೋದವಳಿಗೆ ಒಂದು ವಿಡಿಯೊ ಸಿಕ್ಕಿತು: ಅಜ್ಜಿಯೊಬ್ಬರು ಒಲೆಯ ಮುಂದೆ ಕೂತು, ಬಿಸಿನೀರಿಗೆ ಸೊಬಾ ಎಂಬ ಧಾನ್ಯದ ಹಿಟ್ಟು ಹಾಕಿ, ಕೋಲಿನಿಂದ ಬಿರುಸಾಗಿ ತಿರುವುತ್ತಿದ್ದಾರೆ. ಗಂಟಿಲ್ಲದ ಹಾಗೆ ತಿರುವಿ, ಪಾತ್ರೆಯ ಅಂಚು ಬಿಡುವಷ್ಟು ಗಟ್ಟಿಯಾದ ಮೇಲೆ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿದರು. ಯಜಮಾನರನ್ನು ಕೂಗಿ ಕರೆದು ತೋರಿಸಿದೆ. “ಮುದ್ದೆ ಅಲ್ಲವೇ ಇದು!” ಎಂದರು. ಹೆಸರು ಸೊಬಾಗಾಕಿ. ನಮ್ಮಂತೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದಿಲ್ಲ, ಸೋಯಾ ಸಾಸ್ ಹಚ್ಚಿ ಅಗಿದು ತಿನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಆ ಅಜ್ಜಿಯ ದಯೆಯಿಂದ ನನ್ನ ಮುದ್ದೆ ಕೋಲಿನ ಸಮಸ್ಯೆಯೂ ಬಗೆಹರಿಯಿತು. ಎಳ್ಳು ಅರೆಯುವ ಸುರಿಕೊಗಿ ಎಂಬ ಮರದ ಗುಂಡು ಸಿಗುತ್ತದೆ. ಅದರಲ್ಲಿ ಉದ್ದನೆಯದನ್ನು ತರಿಸಿಕೊಂಡೆ. ಹಿಡಿತ ಚೆನ್ನಾಗಿದೆ, ಅಂಗೈ ಕೆಂಪಾಗುವುದಿಲ್ಲ.

ಇನ್ನು ಚಿಲ್ಲರೆ. ಜೂನ್ ಜುಲೈನ ಮಳೆಗೆ ಬಟ್ಟೆ ಒಣಗಿಸುವ ತೇವ ಹೀರುವ ಯಂತ್ರ ಕೊಳ್ಳಲೇಬೇಕಾದ ವಸ್ತು. ಸಂಜೆ ಅದರ ತೊಟ್ಟಿಯಿಂದ ಎರಡು ಲೀಟರ್ ನೀರು ಚೆಲ್ಲುವಾಗ ಇಷ್ಟೂ ನೀರು ನಮ್ಮ ಮನೆಯ ಗಾಳಿಯಲ್ಲಿತ್ತೇ ಎಂದು ದಿನವೂ ಬೆರಗಾಗುತ್ತೇನೆ. ಬಾಗಿಲ ಹಿಡಿಗೆ ಕಟ್ಟುವ ಮಡಚುವ ಚೀಲವೂ ಅಷ್ಟೇ. ನಾವಿಲ್ಲದಾಗ ಬಂದ ಪಾರ್ಸೆಲ್ ಅದರಲ್ಲಿ ಇಟ್ಟು ಹೋಗುತ್ತಾರೆ. 2024ರ ಏಪ್ರಿಲ್‌ನಿಂದ ಲಾರಿ ಚಾಲಕರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಯ ಮಿತಿ ಬಂದಿದೆ. ಒಂದೇ ಡಬ್ಬಕ್ಕೆ ಪಾರ್ಸೆಲ್ ತರುವ ಹುಡುಗನನ್ನು ಎರಡು ಸಲ ಮೆಟ್ಟಿಲು ಹತ್ತಿಸಲು ಮನಸ್ಸಾಗುವುದಿಲ್ಲ. ಚಾಳೀಸು ಮಾತ್ರ ಆನ್‌ಲೈನಿನಲ್ಲಿ ಕೊಳ್ಳಬೇಡಿ. ಮೂರು ತರಿಸಿದೆ, ಮೂರೂ ಮೂಗಿನಿಂದ ಜಾರುತ್ತವೆ.

ಎಲ್ಲಕ್ಕಿಂತ ದೊಡ್ಡ ಪತ್ತೆ, ಮಗ ಮನೆಯಲ್ಲಿದ್ದಾಗಲೇ ಆದದ್ದು, ಫುರುಸಾತೊ ನೋಜೆಯ್. ಫುರುಸಾತೊ ಎಂದರೆ ಹುಟ್ಟೂರು, ತವರು. ನೋಜೆಯ್ ಎಂದರೆ ತೆರಿಗೆ ಕಟ್ಟುವುದು. ಹಳ್ಳಿ ಸಾಕಿ, ಓದಿಸಿ, ಆಸ್ಪತ್ರೆಗೆ ಕರೆದೊಯ್ದು ಬೆಳೆಸಿದ ಮಕ್ಕಳು ದುಡಿಯುವ ವಯಸ್ಸಿಗೆ ಟೋಕಿಯೊ ಸೇರಿ ತೆರಿಗೆಯನ್ನೆಲ್ಲ ಇಲ್ಲಿಯೇ ಕಟ್ಟುತ್ತಾರೆ, ಇದು ಯಾವ ನ್ಯಾಯ ಎಂದು ಫುಕುಯಿ ಪ್ರಾಂತ್ಯದ ಆಗಿನ ಗವರ್ನರ್ ನಿಶಿಕಾವಾ ಇಸ್ಸೆಯ್ ಕೇಳಿದರು. ಅಕಿತಾದ ಹಳ್ಳಿಯಿಂದ ಬಂದ, ಮುಂದೆ ಪ್ರಧಾನಿಯೂ ಆದ ಸುಗಾ ಯೊಶಿಹಿದೆ ಆಗ ಮಂತ್ರಿಯಾಗಿದ್ದರು. ಪಟ್ಟು ಹಿಡಿದು ಜಾರಿಗೆ ತಂದರು. 2008ರಿಂದ ನಡೆಯುತ್ತಿದೆ. ನಮ್ಮ ಪಾಲಿನ ತೆರಿಗೆಯ ಒಂದು ಭಾಗವನ್ನು ನಾವು ಆರಿಸಿದ ಊರಿಗೆ ದೇಣಿಗೆಯಾಗಿ ಕೊಡಬಹುದು. ಮಿತಿಯೊಳಗೆ ಕೊಟ್ಟರೆ 2000 ಯೆನ್ ಬಿಟ್ಟು ಉಳಿದದ್ದೆಲ್ಲ ನಮ್ಮ ತೆರಿಗೆಯಲ್ಲಿ ಕಳೆಯುತ್ತದೆ. ಊರಿನವರು ದೇಣಿಗೆಯ ನೂರಕ್ಕೆ ಮೂವತ್ತು ಭಾಗ ಮೀರದ ಬೆಲೆಯ ಪ್ರತಿ-ಉಡುಗೊರೆ ಕಳುಹಿಸುತ್ತಾರೆ. ಅದು ನಿಮ್ಮ ಹುಟ್ಟೂರೇ ಆಗಿರಬೇಕೆಂಬ ನಿಯಮವಿಲ್ಲ. ಪ್ರಜೆಯೇ ಆಗಿರಬೇಕೆಂದೂ ಇಲ್ಲ. ಇಲ್ಲಿ ತೆರಿಗೆ ಕಟ್ಟುವ ಯಾರಾದರೂ ಸರಿ.

ಇದನ್ನು ಅರಸೀಕೆರೆಯಲ್ಲಿರುವ ಅಮ್ಮನಿಗೆ ವಿವರಿಸಲು ಒಂದು ಭಾನುವಾರ ಪೂರ್ತಿ ಹಿಡಿಯಿತು. “ತೆರಿಗೆ ಕಟ್ಟಿದರೆ ಅಕ್ಕಿ ಕೊಡುತ್ತಾರೇನೇ? ನಮ್ಮಲ್ಲೂ ಕೊಡುತ್ತಾರೆ, ಆದರೆ ತೆರಿಗೆ ಕಟ್ಟದಿದ್ದವರಿಗೆ” ಎಂದರು. ಅವರ ಮಾತು ಸರಿಯಾಗಿಯೇ ಇದೆ. ಇಲ್ಲಿ ಹೆಚ್ಚು ಸಂಬಳದವರಿಗೆ ಹೆಚ್ಚು ಮಿತಿ, ಹೆಚ್ಚು ಉಡುಗೊರೆ. ಈಗ ಊರ ನೆನಪೂ ಇಲ್ಲ, ನ್ಯಾಯದ ಮಾತೂ ಇಲ್ಲ. ಜನ ಉಡುಗೊರೆಯ ಪಟ್ಟಿ ನೋಡಿ ಊರು ಆರಿಸುತ್ತಾರೆ, ನಾನೂ ಸೇರಿ. 2023ರ ಸಾಲಿನಲ್ಲಿ ಮೊದಲ ಬಾರಿಗೆ ದೇಶದ ಒಟ್ಟು ದೇಣಿಗೆ 1 ಲಕ್ಷ ಕೋಟಿ ಯೆನ್ ದಾಟಿತು. ಟೋಕಿಯೊದ ಸೆತಗಾಯಾ ಎಂಬ ವಾರ್ಡ್ ಒಂದೇ ವರ್ಷಕ್ಕೆ 1000 ಕೋಟಿ ಯೆನ್ನಿಗೂ ಹೆಚ್ಚು ತೆರಿಗೆ ಕಳೆದುಕೊಳ್ಳುತ್ತಿದೆ. ನಮ್ಮ ಬೀದಿಯ ದೀಪ, ಗ್ರಂಥಾಲಯಕ್ಕೆ ಬರಬೇಕಾದ ಕಾಸಿನಲ್ಲಿ ನಾನು ಕಿತ್ತಳೆ ತಿನ್ನುತ್ತಿದ್ದೇನೆ ಎಂಬ ಅಳುಕು ಇಲ್ಲದಿಲ್ಲ. ತಿನ್ನುವುದನ್ನು ಬಿಟ್ಟಿಲ್ಲ.

ಸಸ್ಯಾಹಾರಿಗಳಿಗೆ ಆ ಪಟ್ಟಿ ಒಂದು ಪರೀಕ್ಷೆ. ದನದ ಮಾಂಸ, ಏಡಿ, ಮೀನಿನ ಮೊಟ್ಟೆ ಇವನ್ನು ದಾಟಿ ದಾಟಿ ಹೋದರೆ ನಮ್ಮ ಪಾಲು ಸಿಗುತ್ತದೆ: ವಾಕಾಯಾಮಾದ ಅರಿದಾ ಕಡೆಯ ಕಿತ್ತಳೆ, ಅವೊಮೊರಿಯ ಸೇಬು, ಯಾಮನಾಶಿಯ ದ್ರಾಕ್ಷಿ, ನೀಗಾತಾದ ತ್ಸುಬಾಮೆಯ ಸ್ಟೀಲ್ ಪಾತ್ರೆ. ಕಾಗದದ ಊರಾದ ಶಿಜುವೊಕಾದ ಫುಜಿ ನಗರ ಶೌಚಾಲಯದ ಕಾಗದವನ್ನೇ ಕಳುಹಿಸುತ್ತದೆ, ಅದೂ ವರ್ಷಕ್ಕಾಗುವಷ್ಟು. ಐದು ಊರಿನವರೆಗಾದರೆ ತೆರಿಗೆ ಲೆಕ್ಕಪತ್ರ ಸಲ್ಲಿಸುವ ತಾಪತ್ರಯವಿಲ್ಲ. ಪ್ರತಿ ಊರಿಗೊಂದು ಅರ್ಜಿ, ಜನವರಿ 10ರೊಳಗೆ ತಲುಪಿದರೆ ಸಾಕು.

ಮೊದಲ ವರ್ಷ ನಾನು ಎಲ್ಲರಂತೆ ಡಿಸೆಂಬರ್ ಕೊನೆಗೆ ಎಚ್ಚೆತ್ತು, ಒಂದೇ ರಾತ್ರಿ ನಾಲ್ಕು ಊರಿಗೆ ದೇಣಿಗೆ ಕೊಟ್ಟು ಎಲ್ಲದಕ್ಕೂ ಅಕ್ಕಿ ಆರಿಸಿದೆ. ಬೇರೆ ಬೇರೆ ತಿಂಗಳು ಬರಬಹುದೆಂಬ ನಂಬಿಕೆ. ಫೆಬ್ರವರಿಯ ಒಂದೇ ವಾರದಲ್ಲಿ 45 ಕಿಲೋ ಬಂತು. ಮಗನ ಹಾಸಿಗೆಯ ಕೆಳಗೆ, ಸ್ನಾನದ ಮನೆಯ ಮುಂದೆ, ಬೂಟಿನ ಗೂಡಿನಲ್ಲಿ ಅಕ್ಕಿಯೇ ಅಕ್ಕಿ. ಈ ಗುಂಡು ಅಕ್ಕಿ ಅಂಟು. ಚಿತ್ರಾನ್ನ ಮಾಡಿದರೆ ಉಂಡೆ ಕಟ್ಟಿ ಕೂರುತ್ತದೆ. ಆದರೆ ಮೊಸರನ್ನಕ್ಕೆ ಇದರ ಸಮಕ್ಕೆ ಯಾವ ಸೋನಾ ಮಸೂರಿಯೂ ಬಾರದು. ಆ ಚಳಿಗಾಲ ನಾವು ಮೊಸರನ್ನವನ್ನು ತಿಂದಷ್ಟು ಯಾವ ಬೇಸಿಗೆಯಲ್ಲೂ ತಿಂದಿರಲಿಲ್ಲ.

ಬುದ್ಧಿ ಬಂದು, ಮುಂದಿನ ಸಲ ಯಾಮಗಾತಾದ ಒಂದು ಪುಟ್ಟ ಊರಿನಿಂದ ತಿಂಗಳಿಗೆ ಐದು ಕಿಲೋ ಬರುವ ಹಾಗೆ ಮಾಡಿದೆ. ತ್ಸುಯಾಹಿಮೆ ಎಂಬ ಅಕ್ಕಿ. ತ್ಸುಯಾ ಎಂದರೆ ಹೊಳಪು, ನಿಜಕ್ಕೂ ಹೊಳೆಯುತ್ತದೆ. 2024ರ ಆಗಸ್ಟ್ ಬಂತು. ಹಿಂದಿನ ವರ್ಷದ ಸುಡುಬಿಸಿಲಿಗೆ ಬೆಳೆ ಕೆಟ್ಟಿತ್ತು. ಮೇಲೆ 8ನೆಯ ತಾರೀಕಿನ ಭೂಕಂಪದ ನಂತರ ಮಹಾಕಂಪದ ಸಾಧ್ಯತೆಯ ಎಚ್ಚರಿಕೆ. ಜನ ಅಕ್ಕಿ ಹೊತ್ತುಕೊಂಡು ಹೋದರು. ಸೂಪರ್ ಮಾರ್ಕೆಟ್ಟಿನ ಅಕ್ಕಿಯ ಅಂಕಣ ಖಾಲಿ, ‘ಮನೆಗೊಂದೇ ಚೀಲ’ ಎಂಬ ಫಲಕ ಮಾತ್ರ ಇತ್ತು. ಮರುವರ್ಷದ ವಸಂತದ ಹೊತ್ತಿಗೆ ಸುಮಾರು 2000 ಯೆನ್ನಿನ ಐದು ಕಿಲೋ ಚೀಲ 4000 ದಾಟಿತು. ನನ್ನ ಪುಟ್ಟ ಊರಿನಿಂದ ಒಂದು ಕಂತು ತಡವಾಗಿ, ಕ್ಷಮೆ ಕೋರಿದ ಪತ್ರ ಮೊದಲು ಬಂತು, ಅಕ್ಕಿ ಹಿಂದೆ ಬಂತು. ಮುದ್ರಿತ ಪತ್ರದ ಕೆಳಗೆ ಯಾರೋ ಕೈಯಲ್ಲಿ ಎರಡು ಸಾಲು ಬರೆದಿದ್ದರು: ಈ ವರ್ಷ ಇಲ್ಲಿ ಹಿಮ ಕಡಿಮೆ ಇತ್ತು, ನಿಮ್ಮ ಕಡೆ ಸೆಕೆ ಹೇಗಿದೆ?

ಆ ಊರನ್ನು ನಾನು ನೋಡಿಲ್ಲ. ಆದರೂ ರಾತ್ರಿ ಹವಾಮಾನದ ಸುದ್ದಿ ಬಂದಾಗ ನನ್ನ ಕಣ್ಣು ಮೂರು ಕಡೆ ಹೋಗುತ್ತದೆ. ಮೊದಲು ಸಪ್ಪೊರೊ, ಆಮೇಲೆ ಯಾಮಗಾತಾ, ಆಮೇಲೆ ಮೊಬೈಲ್ ತೆಗೆದು ಅರಸೀಕೆರೆ. ನನ್ನನ್ನು ಓದಿಸಿದ್ದು ಅಲ್ಲಿನ ಸರ್ಕಾರಿ ಶಾಲೆ. ನಿಶಿಕಾವಾ ಅವರ ಲೆಕ್ಕದ ಪ್ರಕಾರ ನನ್ನ ಬಾಕಿ ಇರುವುದು ಅಲ್ಲಿಗೆ. ಪಟ್ಟಿಯಲ್ಲಿ ಆ ಊರು ಬರುವುದಿಲ್ಲ. ಬಂದರೆ ಪ್ರತಿ-ಉಡುಗೊರೆಗೆ ಏನು ಕಳುಹಿಸುತ್ತಾರೆಂದು ಹೇಳಬೇಕಾಗಿಲ್ಲ, ಕೊಬ್ಬರಿ. ತೆಂಗಿನ ತೋಟದ ನಡುವೆ ಬೆಳೆದವಳು ಈಗ ಪ್ಲಾಸ್ಟಿಕ್ ಪೊಟ್ಟಣದ ಕೊಬ್ಬರಿ ತುರಿಯನ್ನು ಬೆಲೆ ನೋಡಿ ಕೊಳ್ಳುತ್ತೇನೆ.

ನಿನ್ನೆ ಅದೇ ತುರಿಯಲ್ಲಿ ಚಟ್ನಿಪುಡಿ ಮಾಡಿದೆ, ಮನೆಯ ಕರಿಬೇವೇ ಹಾಕಿ. “ಅಮ್ಮಾ, ಇಲ್ಲಿ ಎಲ್ಲ ಸಿಗುತ್ತದೆ, ಏನೂ ಕಳುಹಿಸಬೇಡ” ಎಂದು ಎರಡು ತಿಂಗಳು ಹೇಳಿದ ಮಗ ಮೊನ್ನೆ ತಾನಾಗಿಯೇ ಕೇಳಿದ್ದ. ಅಂಚೆ ಕಚೇರಿಯ ನೀಲಿ ಲಕೋಟೆ ಒಂದಿದೆ, 430 ಯೆನ್. ಜಪಾನಿನ ಒಳಗೆ ಎಷ್ಟು ದೂರವಾದರೂ ಅದೇ ದರ, ದಪ್ಪ ಮಾತ್ರ ಮೂರು ಸೆಂಟಿಮೀಟರ್ ಮೀರಬಾರದು. ಪುಡಿಯನ್ನು ಜಿಪ್ ಚೀಲಕ್ಕೆ ತುಂಬಿ, ಗಾಳಿ ತೆಗೆದು, ಲಟ್ಟಣಿಗೆಯಿಂದ ಚಪಾತಿಯಂತೆ ಒತ್ತಿ, ಲಕೋಟೆಗೆ ಹಾಕಿ ಹಲಗೆಯ ಕಿಂಡಿಗೆ ತೂರಿಸಿದೆ. ಮಧ್ಯದಲ್ಲಿ ಸಿಕ್ಕಿಕೊಂಡಿತು. ಇನ್ನಷ್ಟು ಒತ್ತಿದೆ. ಆಗಲಿಲ್ಲ. ಕೊನೆಗೆ ಚೀಲ ತೆರೆದು ಮೂರು ಚಮಚ ಪುಡಿ ಹೊರಗೆ ತೆಗೆದ ಮೇಲೆ ಜಾರಿ ಆಚೆ ಬಂತು. ತೆಗೆದ ಪುಡಿಯನ್ನು ರಾತ್ರಿ ಮೊಸರನ್ನಕ್ಕೆ ಹಾಕಿಕೊಂಡೆವು. ಉಪ್ಪು ಸ್ವಲ್ಪ ಮುಂದಾಗಿತ್ತು.