ಓರೆ ಅಕ್ಷರಗಳು ನೆಟ್ಟಗಾದವು: ಒಂದು ಅನುವಾದದ ದಿನಚರಿ

ಮೊದಲ ತಿಂಗಳು

ಸೂಸನ್ ಗ್ರಿಫಿನ್ ಅವರ ‘ವುಮನ್ ಅಂಡ್ ನೇಚರ್’ ಪುಸ್ತಕವನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಪ್ರಕಟಿಸಲಿಕ್ಕಲ್ಲ. ಹಕ್ಕು ನನ್ನ ಹತ್ತಿರ ಇಲ್ಲ, ಕೇಳುವ ಧೈರ್ಯವೂ ಇಲ್ಲ. ಕೆಲವರು ಸ್ವೆಟರ್ ಹೆಣೆಯುತ್ತಾರಲ್ವಾ, ಹಾಗೆ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ, ಸಾಧ್ಯವಾದರೆ ಒಂದು ಪುಟ.

ಗ್ರಿಫಿನ್ 1943ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದವರು. ಬಾಳಿ ಬರೆದದ್ದು ಹೆಚ್ಚಾಗಿ ಬರ್ಕ್ಲಿಯಲ್ಲಿ. ಕವಿತೆ, ನಾಟಕ, ಪ್ರಬಂಧ ಎಲ್ಲದರಲ್ಲೂ ಕೈಯಾಡಿಸಿದ್ದಾರೆ. 1971ರಲ್ಲಿ ‘ರಾಂಪಾರ್ಟ್ಸ್’ ಪತ್ರಿಕೆಗೆ ಅತ್ಯಾಚಾರದ ಬಗ್ಗೆ ಒಂದು ಲೇಖನ ಬರೆದರು. ಅದು ಯಾರೋ ಒಬ್ಬ ತಲೆಕೆಟ್ಟವನ ಕೆಲಸ ಅಲ್ಲ, ಹೆಂಗಸರನ್ನು ಹೆದರಿಸಿ ಇಡುವ ಇಡೀ ಏರ್ಪಾಡು ಎಂದರು. ಆಗಲೇ ಹೆಸರು ಕೇಳಿಬಂದದ್ದು. ಈ ಪುಸ್ತಕ 1978ರದ್ದು.

ವಾದ ಮಂಡಿಸುವ ಪುಸ್ತಕ ಎಂದುಕೊಂಡು ಕೈಗೆತ್ತಿಕೊಂಡರೆ ಮೋಸ ಹೋಗುತ್ತೀರಿ. ಇಲ್ಲಿ ಇರುವುದು ಎರಡು ದನಿ, ಅಷ್ಟೇ. ಒಂದು ದನಿಗೆ ಮಾತಾಡುವವನೇ ಇಲ್ಲ. ವಿಜ್ಞಾನಿ, ಪಾದ್ರಿ, ವೈದ್ಯ, ಅರಣ್ಯಾಧಿಕಾರಿ, ಎಲ್ಲರ ಮಾತೂ ಕಲೆತು ಒಂದೇ ಗಂಟಲಿಂದ ಬಂದ ಹಾಗೆ ಕೇಳುತ್ತದೆ. ಹೆಣ್ಣು ಎಂದರೆ ಇಷ್ಟು, ಮಣ್ಣು ಎಂದರೆ ಇಷ್ಟು ಎಂದು ಅದು ಹೇಳುತ್ತಾ ಹೋಗುತ್ತದೆ. ಇನ್ನೊಂದು ಹೆಂಗಸರ ದನಿ. ಅದನ್ನು ಓರೆ ಅಕ್ಷರದಲ್ಲಿ, ಇಟಾಲಿಕ್ಸ್‌ನಲ್ಲಿ ಅಚ್ಚು ಹಾಕಿದ್ದಾರೆ. ಶುರುವಿನಲ್ಲಿ ಆ ದನಿ ಎಲ್ಲೋ ಸಂದಿಯಲ್ಲಿ ಗೊಣಗುತ್ತದೆ. ಬರಬರುತ್ತಾ ಪುಟವನ್ನೇ ಹಿಡಿದುಕೊಳ್ಳುತ್ತದೆ.

ಮೊದಲ ಅಧ್ಯಾಯದ ಮೊದಲ ವಾಕ್ಯಕ್ಕೇ ನಾಲ್ಕು ದಿನ ಹಿಡಿಯಿತು. ಇಂಗ್ಲಿಷಿನಲ್ಲಿ ‘ಇಟ್ ಈಸ್ ಡಿಸೈಡೆಡ್’ ಎಂದು ಶುರುವಾಗುತ್ತದೆ. ಯಾರು ತೀರ್ಮಾನಿಸಿದರು ಎಂದು ಎಲ್ಲೂ ಇಲ್ಲ. ‘ಹೀಗೆಂದು ನಿರ್ಧಾರವಾಯಿತು’, ‘ಎಲ್ಲರೂ ಒಪ್ಪಿದರು’, ಏನೇನೋ ಬರೆದು ಹೊಡೆದುಹಾಕಿದೆ. ಐದನೇ ದಿನ ಬೆಳಿಗ್ಗೆ ಕಚೇರಿಯಲ್ಲಿ ಒಂದು ಸುತ್ತೋಲೆ ಟೇಬಲ್ಲಿಗೆ ಬಂತು. ‘ಈ ಮೂಲಕ ತಿಳಿಸಲಾಗಿದೆ.’ ‘ಪರಿಗಣಿಸಲಾಗಿದೆ.’ ‘ತೀರ್ಮಾನಿಸಲಾಗಿದೆ.’ ಹದಿನೆಂಟು ವರ್ಷದಿಂದ ನಾನೇ ಕಡತಗಳಲ್ಲಿ ಬರೆಯುತ್ತಿರುವ ಕನ್ನಡ! ಗ್ರಿಫಿನ್ ಅಣಕಿಸುತ್ತಿರುವ ದನಿ ನನ್ನ ಕೈಬರಹದಲ್ಲೇ ಇತ್ತು. ನಗುವುದೋ ನಾಚಿಕೊಳ್ಳುವುದೋ ಗೊತ್ತಾಗಲಿಲ್ಲ.

ಎರಡನೇ ತಿಂಗಳು

ಆ ಮೇಲೆ ಬರವಣಿಗೆ ಓಡಿತು. ಮೊದಲ ಅಧ್ಯಾಯದಲ್ಲಿ ವಿಜ್ಞಾನದ ಇಸವಿಗಳೂ ಮಾಟಗಾತಿಯರ ವಿಚಾರಣೆಯ ಇಸವಿಗಳೂ ಒಂದೇ ಸಾಲಿನಲ್ಲಿ ಬರುತ್ತವೆ. 1670, ಫ್ರಾನ್ಸಿನ ರೂಆನ್‌ನಲ್ಲಿ ಮಾಟಗಾತಿಯರ ವಿಚಾರಣೆ. 1687, ನ್ಯೂಟನ್ನನ ‘ಪ್ರಿನ್ಸಿಪಿಯಾ’. ಟೀಕೆ ಇಲ್ಲ, ವಿವರಣೆ ಇಲ್ಲ. ಪಕ್ಕದಲ್ಲಿ ತಂದು ಕೂರಿಸುವುದು, ಅಷ್ಟೇ. ಶಾಲೆಯಲ್ಲಿ ಇವೆರಡನ್ನೂ ಬೇರೆ ಬೇರೆ ಪಿರಿಯಡ್ಡಿನಲ್ಲಿ ಓದಿದ್ದೆ. ಅಲ್ಲ, ಎರಡನೆಯದನ್ನು ಮಾತ್ರ ಓದಿದ್ದೆ.

ಎರಡು ಪದ ಕೈಕೊಟ್ಟವು. ಒಂದು ‘ಮ್ಯಾಟರ್’. ಇದರ ಲ್ಯಾಟಿನ್ ಬೇರು ‘ಮಾಟೆರ್’, ಅಂದರೆ ತಾಯಿ. ಇಂಗ್ಲಿಷಿನಲ್ಲಿ ಆ ಪದ ಹೇಳಿದರೆ ಸಾಕು, ತಾಯಿಯ ನೆರಳು ಅದರ ಹಿಂದೆ ಬರುತ್ತದೆ. ‘ವಸ್ತು’ ಎಂದರೆ ಯಾರ ನೆರಳೂ ಬರುವುದಿಲ್ಲ. ‘ಜಡ’ ಎಂದರೆ ಬೈಗುಳ. ಸದ್ಯ ‘ಮಣ್ಣು’ ಎಂದು ಹಾಕಿದ್ದೇನೆ, ತಪ್ಪೇ ಇರಬಹುದು. ಇನ್ನೊಂದು ‘ಮ್ಯಾನ್’. ಇಂಗ್ಲಿಷಿನಲ್ಲಿ ಗಂಡಸೂ ಅದೇ, ಮನುಷ್ಯಕುಲವೂ ಅದೇ. ಇಡೀ ಪುಸ್ತಕದ ಚೇಷ್ಟೆ ನಿಂತಿರುವುದೇ ಇದರ ಮೇಲೆ. ಕನ್ನಡದಲ್ಲಿ ‘ಗಂಡಸು’ ಬೇರೆ, ‘ಮನುಷ್ಯ’ ಬೇರೆ ಎಂದು ಬೀಗುತ್ತಿದ್ದೆ. ‘ಮನುಷ್ಯ ಬಂದ’ ಎಂದು ಬರೆದಾಗ ಅರ್ಥವಾಯಿತು, ನಮ್ಮದು ಕ್ರಿಯಾಪದದ ಬಾಲದಲ್ಲಿ ಅಡಗಿದೆ.

ಮೂರನೇ ತಿಂಗಳು

‘ಟಿಂಬರ್’ ಅಧ್ಯಾಯ ಮುಗಿಯಿತು. ಈವರೆಗೆ ಮಾಡಿದ್ದರಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಮರ ನೆಟ್ಟಗಿರಬೇಕು, ಗಂಟು ಇರಬಾರದು, ಹಿಡಿದ ಜಾಗಕ್ಕೆ ತಕ್ಕ ಉಪಯೋಗ ಇರಬೇಕು ಎಂದು ಅರಣ್ಯಶಾಸ್ತ್ರದ ದನಿ ಹೇಳುತ್ತಿರುತ್ತದೆ. ನಡುವೆ ಗೊತ್ತೇ ಆಗದ ಹಾಗೆ ಮಾತು ಕಚೇರಿಯಲ್ಲಿ ಕೆಲಸ ಮಾಡುವ ಹೆಂಗಸರ ಕಡೆಗೆ ಹೊರಳುತ್ತದೆ. ಅಳತೆಗೋಲು ಮಾತ್ರ ಬದಲಾಗುವುದಿಲ್ಲ. ‘ಕೌಸ್’, ‘ಮ್ಯೂಲ್ಸ್’, ‘ದಿ ಶೋ ಹಾರ್ಸ್’ ಕೂಡ ಇದೇ ಜಾಡು. ಕುದುರೆಯನ್ನು ಪಳಗಿಸುವ ಪಾಠ ಓದುತ್ತಾ ಇದ್ದ ಹಾಗೇ ಒಬ್ಬ ಹೆಂಡತಿಯ ಕತೆ ಓದಿ ಮುಗಿಸಿರುತ್ತೇವೆ.

ಮೂರನೇ ತಿಂಗಳ ಕೊನೆ

ದುರಂತ. ಹಳೆ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದೆ. ಓರೆ ಅಕ್ಷರಗಳೆಲ್ಲ ನೆಟ್ಟಗಾದವು. ಬ್ಯಾಕಪ್ ಇಲ್ಲ.

ನಾಲ್ಕನೇ ತಿಂಗಳು

ಮೂಲ ಪುಸ್ತಕ ಪಕ್ಕಕ್ಕಿಟ್ಟು, ಯಾವುದು ಯಾರ ದನಿ ಎಂದು ನೆನಪಿನಿಂದಲೇ ಗುರುತು ಹಾಕೋಣ ಎಂದುಕೊಂಡೆ. ನಾನೇ ಬರೆದದ್ದು ತಾನೇ. ಎಪ್ಪತ್ತೆರಡು ಪುಟದಲ್ಲಿ ಒಂದಿಪ್ಪತ್ತು ಪುಟ ಗೊತ್ತಾಗಲೇ ಇಲ್ಲ. ಹೆಂಗಸರೂ ‘ಹೇಳಲಾಗಿದೆ’, ‘ಭಾವಿಸಲಾಗಿದೆ’ ಎನ್ನುತ್ತಿದ್ದರು. ಎರಡು ದನಿಯ ನಡುವೆ ನಾನು ಇಟ್ಟಿದ್ದ ವ್ಯತ್ಯಾಸ ಅಕ್ಷರದ ಓರೆಯಲ್ಲಿತ್ತು, ಮಾತಿನಲ್ಲಿ ಇರಲಿಲ್ಲ. ಆ ಓರೆಯೂ ಕಂಪ್ಯೂಟರು ಕನ್ನಡದ ಅಕ್ಷರವನ್ನು ಸುಮ್ನೆ ವಾಲಿಸಿ ಕೊಟ್ಟದ್ದು. ಓದಿದರೆ ಕತ್ತು ನೋವು.

ಹೀಗಾಗಿ ಪೂರ್ತಿ ತಿದ್ದುತ್ತಿದ್ದೇನೆ. ಓರೆ ಅಕ್ಷರ ಬೇಡವೇ ಬೇಡ. ಮೊದಲ ದನಿಗೆ ‘ಲಾಗಿದೆ’ ಮಾತ್ರ, ಎಷ್ಟು ಬೇಸರವಾದರೂ ಸರಿ. ಹೆಂಗಸರ ದನಿಯಲ್ಲಿ ಪ್ರತಿ ವಾಕ್ಯದಲ್ಲೂ ಕೆಲಸ ಮಾಡಿದವರು ಕಾಣಬೇಕು. ನಾವು ಕೇಳಿದೆವು. ನಾವು ಹೆದರಿದೆವು. ನಮಗೆ ಗೊತ್ತಿತ್ತು. ಪರೀಕ್ಷೆಗೆ ಒಂದು ಪುಟವನ್ನು ಗೆಳತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪುಟ ನೋಡದೆ, ಬರೀ ಕಿವಿಯಿಂದ ಕೇಳಿ, ಅವಳು ದನಿ ಬದಲಾದ ಕಡೆಯೆಲ್ಲ ಕೈ ಎತ್ತಬೇಕು. ಹನ್ನೊಂದರಲ್ಲಿ ಒಂಬತ್ತು ಸಲ ಸರಿಯಾಗಿ ಎತ್ತಿದಳು. ಸಾಕಲ್ವಾ?

ಐದನೇ ತಿಂಗಳು

ಬೇಜಾರು ಬಂದು ನಡುವೆ ಅವರದೇ ‘ಎ ಕೋರಸ್ ಆಫ್ ಸ್ಟೋನ್ಸ್’ ಓದಿದೆ. 1992ರ ಪುಸ್ತಕ, ಯುದ್ಧದ ಬಗ್ಗೆ. ನಾಜಿ ಹಿಮ್ಲರ್ ಹುಡುಗನಾಗಿದ್ದಾಗ ಅಪ್ಪನ ಕಣ್ಗಾವಲಿನಲ್ಲಿ ಬರೆದ ದಿನಚರಿಯನ್ನು ಗ್ರಿಫಿನ್ ಸಾಲು ಸಾಲಾಗಿ ಬಗೆಯುತ್ತಾರೆ. ಅಲ್ಲಿ ಸ್ನಾನ ಮಾಡಿದ್ದು, ಊಟ ಮಾಡಿದ್ದು ಎಲ್ಲ ಇದೆ. ಅನಿಸಿದ್ದು ಒಂದೂ ಇಲ್ಲ. ನಡುನಡುವೆ ಜೀವಕೋಶದ ಬಗ್ಗೆ, ರಾಕೆಟ್ಟಿನ ಬಗ್ಗೆ ತುಂಡು ತುಂಡು ಸಾಲುಗಳು. ಅದೇ ಹಳೇ ವಿದ್ಯೆ, ಪಕ್ಕದಲ್ಲಿ ತಂದು ಕೂರಿಸುವುದು. ಆದರೆ ಇಲ್ಲಿ ಕೈ ಇನ್ನೂ ಪಳಗಿದೆ. ನನ್ನನ್ನು ಕೇಳಿದರೆ ಇದೇ ಅವರ ದೊಡ್ಡ ಪುಸ್ತಕ. ಅನುವಾದಿಸುವ ಆಸೆ ಮಾತ್ರ ಇಲ್ಲ.

ಬಂದು ಮತ್ತೆ ಕೂತಾಗ ‘ವುಮನ್ ಅಂಡ್ ನೇಚರ್’ ಮೇಲಿನ ತಕರಾರುಗಳು ಕಣ್ಣಿಗೆ ಬೀಳತೊಡಗಿದವು. ಅದರ ‘ನಾವು’ ಯಾರು? ಹೊಲದ ಒಡತಿಯೂ ಕೂಲಿಯವಳೂ ಒಂದೇ ‘ನಾವು’ ಆಗುತ್ತಾರಾ? ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರ ಲೇಖನವೊಂದರಲ್ಲಿ ಇಕೋಫೆಮಿನಿಸಂ, ಅಂದರೆ ಹೆಣ್ಣನ್ನೂ ಪ್ರಕೃತಿಯನ್ನೂ ಜೋಡಿಸಿ ನೋಡುವ ಸ್ತ್ರೀವಾದದ ಬಗ್ಗೆ ಇಂಥದ್ದನ್ನೇ ಎತ್ತಿದ್ದರು. ಹೆಂಗಸರಿಗೆ ಕಾಡಿನ ನಂಟು ಹುಟ್ಟಿನಿಂದ ಬರುವುದಲ್ಲ. ಸೌದೆ, ಮೇವು, ನೀರು ಹೊರುವ ಕೆಲಸದಿಂದ, ಆಸ್ತಿ ಯಾರ ಹೆಸರಲ್ಲಿದೆ ಎಂಬುದರಿಂದ ಬರುತ್ತದೆ. ನಾನು ಅಗರ್ವಾಲ್ ಪಕ್ಷ. ಆದರೂ ಅನುವಾದ ನಿಲ್ಲಿಸುವುದಿಲ್ಲ. ಹೆಣ್ಣೇ ಪ್ರಕೃತಿ ಎಂಬುದು ಮೊದಲು ಆ ‘ಲಾಗಿದೆ’ ದನಿಯ ಮಾತು. ಗ್ರಿಫಿನ್ ಅದನ್ನು ಅಲ್ಲಗಳೆಯುವ ಬದಲು ಕಸಿದುಕೊಂಡು ಓಡುತ್ತಾರೆ. ಕೊನೆಯ ಭಾಗದಲ್ಲಿ ಸ್ವಲ್ಪ ದೂರ ಜಾಸ್ತಿಯೇ ಓಡಿದ್ದಾರೆ ಎಂದು ನನಗೆ ಅನಿಸುತ್ತದೆ.

ಏಳನೇ ತಿಂಗಳು

ಆರನೇ ತಿಂಗಳು ಏನೂ ಬರೆಯಲಿಲ್ಲ. ಕಚೇರಿಯಲ್ಲಿ ಆಡಿಟ್.

ಈಗ ನಾಲ್ಕನೇ ಭಾಗಕ್ಕೆ ಜಿಗಿದಿದ್ದೇನೆ. ಭೂಮಿಯ ಬಗ್ಗೆ ಒಂದು ಪುಟ್ಟ ತುಣುಕಿದೆ, ‘ದಿಸ್ ಅರ್ತ್’. ಅಲ್ಲಿ ಭೂಮಿ ‘ಶಿ’. ಇಂಗ್ಲಿಷಿನಲ್ಲಿ ಅದರಿಂದ ಒಂದು ಆಪ್ತತೆ ಬರುತ್ತದೆ. ಕನ್ನಡದಲ್ಲಿ ‘ಅವಳು’ ಎಂದ ತಕ್ಷಣ ಭೂಮಿತಾಯಿ ಬಂದು ನಿಲ್ಲುತ್ತಾಳೆ, ಕ್ಯಾಲೆಂಡರಿನ ಚಿತ್ರದ ಹಾಗೆ, ಸೀರೆ ಉಟ್ಟುಕೊಂಡು. ‘ಅದು’ ಎಂದರೆ ತಣ್ಣಗಾಗುತ್ತದೆ.

ಸಾಲದ್ದಕ್ಕೆ ಅಲ್ಲಿ ಭೂಮಿಯನ್ನು ‘ಸಿಸ್ಟರ್’ ಎಂದು ಕರೆಯುತ್ತಾರೆ. ಅಕ್ಕನೋ ತಂಗಿಯೋ? ಇಂಗ್ಲಿಷಿನವರು ಪುಣ್ಯವಂತರು, ಅವರಿಗೆ ಈ ಪ್ರಶ್ನೆಯೇ ಇಲ್ಲ. ‘ಸೋದರಿ’ ಎಂದರೆ ವೇದಿಕೆ ಭಾಷಣ. ವಯಸ್ಸು ನೋಡಿದರೆ ಭೂಮಿ ಅಕ್ಕನೇ ಆಗಬೇಕು. ಆದರೆ ಆ ತುಣುಕಿನಲ್ಲಿ ಇರುವ ಕಾಳಜಿ ತಂಗಿಯ ಮೇಲೆ ಇಡುವಂಥದ್ದು. ಮೂರು ರಾತ್ರಿ ಎರಡನ್ನೂ ಬರೆದು ನೋಡಿದೆ.

ನಿನ್ನೆ ಕೈ ಎತ್ತುವ ಗೆಳತಿಗೆ ಇದನ್ನು ಹೇಳಿದೆ. ಅವಳ ಮನೆಮಾತು ಹವ್ಯಕ ಕನ್ನಡ. ಅಲ್ಲಿ ಹೆಂಗಸರಿಗೂ ನಪುಂಸಕ ಲಿಂಗದ ಕ್ರಿಯಾಪದವೇ: ಅಮ್ಮ ಬಂತು, ಅಕ್ಕ ಬಂತು. ತೆಲುಗಿನಲ್ಲೂ ಹೀಗೆ, ಹೆಂಗಸು, ಹಸು, ಮಳೆ ಮೂರಕ್ಕೂ ‘ವಚ್ಚಿಂದಿ’. ಇದನ್ನು ಕೇಳಿ ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಹೆಣ್ಣನ್ನು ವಸ್ತುವಿನ ಸಾಲಿಗೆ ಸೇರಿಸಿದರು ಎಂದು. ಅವಳು ನಕ್ಕಳು. ‘ಅಮ್ಮನ್ನ ವಸ್ತು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ ಮಾರಾಯ್ತಿ, ಬೇಕಾದರೆ ಮಳೆನೇ ಮನೆಯವರ ಥರ’ ಅಂದಳು.

ಇವತ್ತು ರಾತ್ರಿ ಆ ತುಣುಕನ್ನು ಪೂರ್ತಿ ಹಾಗೇ ಬರೆದಿದ್ದೇನೆ. ಭೂಮಿ ಅಕ್ಕ. ಅಕ್ಕ ನಕ್ಕಿತು, ಅಕ್ಕ ನೊಂದಿತು, ಅಕ್ಕ ಸುಮ್ಮನಾಯಿತು. ನಾಳೆ ಅವಳಿಗೆ ಓದಿ ಹೇಳಬೇಕು.