ಡಾಕ್ಟ್ರು ಕೋಳಿ ಬೇಡ ಅನ್ನಲಿಲ್ಲ

ಮಂಡ್ಯ
9 ನವೆಂಬರ್ 2025, ಭಾನುವಾರ

ಸಂಜೆ ಅಪ್ಪ ನೂರಡಿ ರಸ್ತೆಯ ಗಾಡಿಯಿಂದ ಮತ್ತೆ ಫ್ರೈಡ್ ಚಿಕನ್ ಕಟ್ಟಿಸ್ಕೊಂಡು ಬಂದ್ರು. ಪೊಟ್ಟಣದ ತಳವೆಲ್ಲ ಎಣ್ಣೆ.

"ಡಾಕ್ಟ್ರು ಕುರಿ ಬಿಡಿ ಅಂದ್ರು ಕಣವ್ವ, ಕೋಳಿ ಬೇಡ ಅನ್ನಲಿಲ್ಲ. ನಾಳೆ ಕಾರ್ತಿಕ ಸೋಮವಾರ, ಬಾಡು ಮುಟ್ಟಂಗಿಲ್ಲ. ಇವತ್ತೊಂದಿನ ಬಿಡು."

"ಅವರು ಹೇಳಿದ್ದು ಸಾರಿನ ಕೋಳಿ ಅಪ್ಪ, ಇದಲ್ಲ."

"ಕೋಳಿ ಕೋಳೀನೇ ಅಲ್ವಾ?"

ಅಲ್ಲ. ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿ ತೆಗೆದು ಪಕ್ಕದಲ್ಲಿ ಕೂತು ಓದಿದೆ. ಚರ್ಮ ಸುಲಿದು ರೋಸ್ಟ್ ಮಾಡಿದ ಎದೆಮಾಂಸಕ್ಕೆ 100 ಗ್ರಾಂಗೆ 165 ಕ್ಯಾಲೊರಿ, ಪ್ರೋಟೀನ್ 31 ಗ್ರಾಂ, ಕೊಬ್ಬು 4 ಗ್ರಾಂ ಕೂಡ ಇಲ್ಲ. ಚರ್ಮದ ಸಮೇತ ಹಿಟ್ಟಲ್ಲಿ ಅದ್ದಿ ಕರಿದ ಕೋಳಿಗೆ 289 ಕ್ಯಾಲೊರಿ, ಕೊಬ್ಬು 17 ಗ್ರಾಂ, ಪ್ರೋಟೀನ್ 22ರ ಆಸುಪಾಸು. ಅಪ್ಪ ಆರಿಸಿ ತರೋ ರೆಕ್ಕೆ 324! ರೆಕ್ಕೇಲಿ ಮಾಂಸ ಎಷ್ಟಿರುತ್ತೆ, ಚರ್ಮ, ಹಿಟ್ಟೇ ಜಾಸ್ತಿ. ಕಾದೆಣ್ಣೆಗೆ ಬಿದ್ದ ಹಿಟ್ಟಿನ ನೀರು ಆವಿಯಾಗಿ ಹೋಗುತ್ತೆ, ಆ ಜಾಗಕ್ಕೆ ಎಣ್ಣೆ ಬಂದು ಕೂರುತ್ತೆ. ಬಾಣಲೆಯಿಂದ ತೆಗೆದು ಆರೋಕೆ ಇಟ್ಟಾಗಲೂ ಹೀರ್ತಾನೇ ಇರುತ್ತೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪ್ರೋಟೀನಿಗಾದರೆ 4.

ಕ್ಯಾಲೊರಿಗಿಂತ ನನಗೆ ಉಪ್ಪಿನ ಭಯ. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ ಮಾತ್ರೆ ನುಂಗೋರು ಮಾಂಸಕ್ಕೂ ಉಪ್ಪು, ಹಿಟ್ಟಿಗೂ ಉಪ್ಪು, ಮೇಲೆ ಉದುರಿಸೋ ಮಸಾಲೆಗೂ ಉಪ್ಪು ಇರೋದನ್ನ ತಿಂತಾ ಕೂತ್ರೆ ಹೇಗೆ? ಆ ಎಣ್ಣೆ ಎಷ್ಟು ಸಲ ಕಾದಿದ್ಯೋ.

ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಮೇಲಿನ ಚರ್ಮ, ಹಿಟ್ಟು ತೆಗೆದು ತಿನ್ಲಾ?" ಅಂದರು.

ತಿನ್ನಿ ಅಂದೆ. ಕೊಬ್ಬಿನ ದೊಡ್ಡ ಪಾಲು ಇರೋದೇ ಆ ಚರ್ಮ, ಹಿಟ್ಟಿನಲ್ಲಿ. ಉಗುರಲ್ಲಿ ಬಿಡಿಸಿ ಒಂದು ತುತ್ತು ಬಾಯಿಗಿಟ್ಟರು. "ರುಚೀನೇ ಇಲ್ಲ ಕಣವ್ವ."

ನನಗೆ ಅಳು ಬಂತು. ಅಮ್ಮ ಹೋದ ಮೇಲೆ ಭಾನುವಾರದ ಬಾಡೂಟ ಈ ಮನೇಲಿ ಆಗಿದ್ದೇ ಕಮ್ಮಿ. ಫ್ಯಾಕ್ಟರಿ ಗೆಳೆಯರೆಲ್ಲ ಆ ಗಾಡಿ ಹತ್ರ ಸೇರ್ತಾರೆ, ಇವರೂ ಹೋಗ್ತಾರೆ. ಹೋಗಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ?

ಮುಂದಿನ ಭಾನುವಾರ ಅವರನ್ನೆಲ್ಲ ಮನೆಗೇ ಕರೀಬೇಕು. ಕೋಳಿ ಚರ್ಮ ತೆಗೆಸಿ ತಂದು ಸಾರು, ಮುದ್ದೆ. ಕಾಯಿ ಅರ್ಧ ಮಾಡಿ, ಉಪ್ಪು ಕಮ್ಮಿ ಹಾಕಿ, ಮೆಣಸು ಸ್ವಲ್ಪ ಮುಂದಾಗಿ ಹಾಕಿದ್ರೆ ಅಪ್ಪ ಒಪ್ಪಬಹುದು, ಆದ್ರೆ ಅಮ್ಮ ಹುರೀತಿದ್ದ ಆ ಮಸಾಲೆಗೆ ಗಸಗಸೆ ಎಷ್ಟು ಹಾಕ್ತಿದ್ಲು, ಚಿಕ್ಕಮ್ಮನ್ನ ಕೇಳಿದ್ರೆ