ಬಿಚ್ಚದೆ ಉಳಿದ ಬುಟ್ಟಿ

ವಿಜಯಪುರದ ಒಂದು ಮಧ್ಯಮ ದರ್ಜೆಯ ಹೋಟೆಲಿನಲ್ಲಿ ನಾನು ಕೋಣೆಗಳ ಮೇಲ್ವಿಚಾರಕಿಯಾಗಿದ್ದೇನೆ. ಪ್ರತಿ ಕೋಣೆಯ ಬಚ್ಚಲಮನೆಯಲ್ಲಿಯೂ ಅತಿಥಿಗಳಿಗಾಗಿ ಒಂದು ಸ್ವಾಗತದ ಬುಟ್ಟಿ ಇರಬೇಕೆಂದು ಮಾಲೀಕರು ಬಯಸಿದಾಗ ಅದನ್ನು ಸಿದ್ಧಪಡಿಸುವ ಕೆಲಸ ಸಹಜವಾಗಿಯೇ ನನ್ನ ಪಾಲಿಗೆ ಬಂತು. ಮೇದಾರರಿಂದ ಮಾಡಿಸಿದ ಬಿದಿರಿನ ಪುಟ್ಟ ಬುಟ್ಟಿ, ಅದರ ತಳದಲ್ಲಿ ಗುಳೇದಗುಡ್ಡದ ಕೆಂಪು ಖಣದ ತುಂಡು, ಅದರ ಮೇಲೆ ಸಾಬೂನು, ಶಾಂಪೂ, ಬ್ರಷ್ಷು, ಪೇಸ್ಟು, ಬಾಚಣಿಗೆ, ಸೂಜಿ-ದಾರದ ಪೊಟ್ಟಣ, ನಮ್ಮ ಭಾಗದ ನೆನಪಿಗೆಂದು ಒಂದು ಶೇಂಗಾ ಚಿಕ್ಕಿ. ಎಲ್ಲವನ್ನೂ ಹೊಳೆಯುವ ಪಾರದರ್ಶಕ ಹಾಳೆಯಲ್ಲಿ ಸುತ್ತಿ, ಮೇಲೆ ರಿಬ್ಬನ್ ಕಟ್ಟಿ, ಇಪ್ಪತ್ತನಾಲ್ಕು ಕೋಣೆಗಳಲ್ಲಿ ಇಡಿಸಿದೆವು. ಮಾಲೀಕರು ಫೋಟೋ ತೆಗೆಸಿಕೊಂಡರು, ನನಗೂ ಹೆಮ್ಮೆಯಾಗಿತ್ತು.

ವಾರ ಕಳೆಯುವಷ್ಟರಲ್ಲಿ ಒಂದು ವಿಚಿತ್ರ ಕಂಡಿತು. ಅತಿಥಿಗಳು ಬರುತ್ತಿದ್ದರು, ಸ್ನಾನ ಮಾಡುತ್ತಿದ್ದರು, ಹೋಗುತ್ತಿದ್ದರು. ಬುಟ್ಟಿಗಳು ಮಾತ್ರ ರಿಬ್ಬನ್ ಸಮೇತ ಇದ್ದಲ್ಲಿಯೇ ಇರುತ್ತಿದ್ದವು. ಕಸದ ಡಬ್ಬಿಯಲ್ಲಿ ಎದುರಿನ ಅಂಗಡಿಯಿಂದ ತಂದ ಸಾಬೂನಿನ ಹೊದಿಕೆ, ಅದರ ಮಗ್ಗುಲಲ್ಲಿಯೇ ನಾವಿಟ್ಟ ಸಾಬೂನು ಬಿಚ್ಚದೆ ಹಾಗೆಯೇ. ನಾವಿಟ್ಟ ಸಾಬೂನು ಅವರಿಗೆ ಹಿಡಿಸಲಿಲ್ಲವೇನೋ ಎಂದುಕೊಂಡು ಬೇರೆ ಸಾಬೂನು ತರಿಸಲು ಹೊರಟಿದ್ದೆ. ಅಷ್ಟರಲ್ಲಿ ಮದುವೆಗೆಂದು ಇಂಡಿ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಬೆಳಗಿನ ಜಾವ ಟಾವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಮೊಗಸಾಲೆಯಲ್ಲಿ ನಿಂತಿದ್ದನ್ನು ನೋಡಿ ಏನು ಬೇಕೆಂದು ವಿಚಾರಿಸಿದೆ. ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಕೇಳಿದರು. ಸಾಬೂನು ಬಚ್ಚಲಮನೆಯಲ್ಲಿಯೇ ಇದೆಯಲ್ಲ ಎಂದೆ. ಅವರು ದನಿ ತಗ್ಗಿಸಿ, "ಅದ ಬುಟ್ಟ್ಯಾಗ ಐತಿ ನೋಡವಾ ತಂಗಿ, ಬಿಚ್ಚಿದ್ರ ಅದಕ್ಕ ಬ್ಯಾರೆ ರೊಕ್ಕ ಹಚ್ಚತೀರೇನು?" ಎಂದರು.

ನಾನು ಅಷ್ಟು ಚೆಂದವಾಗಿ ಕಟ್ಟಿದ್ದ ರಿಬ್ಬನ್ನೇ ಅವರಿಗೆ ಅಂಗಡಿಯ ಸಾಮಾನಿನಂತೆ ಕಂಡಿತ್ತು. ಕೋಣೆಯಲ್ಲಿಟ್ಟ ನೀರಿನ ಬಾಟಲಿಗೂ ಬಿಲ್ಲು ಹಾಕುವ ಹೋಟೆಲುಗಳಿರುವಾಗ ಅವರ ಅಳುಕಿನಲ್ಲಿ ತಪ್ಪೇನೂ ಇರಲಿಲ್ಲ. ಅಂದೇ ಎಲ್ಲ ಬುಟ್ಟಿಗಳ ಹಾಳೆಯನ್ನೂ ರಿಬ್ಬನ್ನನ್ನೂ ತೆಗೆಸಿ, "ಇವೆಲ್ಲ ನಿಮಗಾಗಿ. ಇವುಗಳಿಗೆ ಹಣವಿಲ್ಲ" ಎಂದು ಕನ್ನಡ, ಮರಾಠಿ ಮತ್ತು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದ ಒಂದು ಚೀಟಿ ಇಡಿಸಿದೆ. ಸೊಲ್ಲಾಪುರ, ಸಾಂಗಲಿಗಳಿಂದ ಬರುವವರು ನಮ್ಮಲ್ಲಿ ಹೆಚ್ಚಾದ್ದರಿಂದ ಮರಾಠಿ ಬೇಕೇ ಬೇಕಾಗಿತ್ತು. ಮರುದಿನದಿಂದಲೇ ಬುಟ್ಟಿಗಳು ಖಾಲಿಯಾಗತೊಡಗಿದವು. ಮಾಲೀಕರು ಖರ್ಚು ಹೆಚ್ಚಾಯಿತೆಂದು ಗೊಣಗಿದರು. ಹೆಚ್ಚಾಗಬೇಕೆಂದೇ ಅಲ್ಲವೇ ಇಟ್ಟದ್ದು ಎಂದು ಹೇಳುವ ಧೈರ್ಯ ಆಗ ನನಗಿರಲಿಲ್ಲ.

ಬುಟ್ಟಿಯಲ್ಲಿ ಏನಿರಬೇಕು ಎಂಬುದನ್ನು ನಿಜವಾಗಿ ಕಲಿಸಿದವರು ನಾವೆಲ್ಲ ಕಾಕು ಎಂದು ಕರೆಯುವ ನಮ್ಮ ಹಿರಿಯ ಕೆಲಸಗಾರ್ತಿ. ಕೋಣೆ ಖಾಲಿಯಾದ ಮೇಲೆ ಅವರು ಕಸದ ಡಬ್ಬಿಯನ್ನು ಸುರಿಯುವ ಮೊದಲು ಒಮ್ಮೆ ನೋಡುತ್ತಾರೆ. ಯಾರದಾದರೂ ಉಂಗುರ, ಮಾತ್ರೆ ತಪ್ಪಿ ಬಿದ್ದಿರಬಹುದೆಂಬ ಹಳೆಯ ಅಭ್ಯಾಸ ಅದು. ಕನ್ನಡಿಗೆ ಅಂಟಿಸಿ ಮರೆತು ಹೋದ ಟಿಕಳಿ ನೋಡಿ, ಕೋಣೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದ್ದರೆಂದು ಅವರು ಹೇಳಿಬಿಡುತ್ತಾರೆ. ನಾನು ಒಂದು ನೋಟ್‌ಬುಕ್ ಇಟ್ಟು, ಪ್ರತಿ ಕೋಣೆಯಲ್ಲಿ ಏನು ಬಳಕೆಯಾಯಿತು, ಏನು ಮುಟ್ಟದೆ ಉಳಿಯಿತು, ಬುಟ್ಟಿಯಲ್ಲಿಲ್ಲದ ಯಾವ ವಸ್ತುವನ್ನು ಅತಿಥಿಗಳು ಹೊರಗಿನಿಂದ ತಂದರು ಎಂಬ ಮೂರು ಸಂಗತಿಗಳನ್ನು ಕಾಕು ಹೇಳಿದಂತೆ ಬರೆದುಕೊಳ್ಳತೊಡಗಿದೆ. ಮೂರನೆಯದೇ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಸೂಜಿ-ದಾರದ ಪೊಟ್ಟಣವನ್ನು ಬಿಚ್ಚಿದವರು ತೀರ ಕಡಿಮೆ. ಆದರೆ ಸೀರೆಗೆ ಹಾಕುವ ಪಿನ್ನುಗಳ ಹಾಳೆಗಳು ಕಸದಲ್ಲಿ ಮತ್ತೆ ಮತ್ತೆ ಸಿಗುತ್ತಿದ್ದವು. ಸೂಜಿಯ ಪೊಟ್ಟಣವನ್ನು ಸ್ವಾಗತ ಕೌಂಟರಿಗೆ ಕಳುಹಿಸಿ, ಬುಟ್ಟಿಯಲ್ಲಿ ನಾಲ್ಕು ಪಿನ್ನು ಇಟ್ಟೆವು.

ಸಾಬೂನಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನ ಅಜ್ಞಾನ ಹೆಚ್ಚಾಗಿ ಬಯಲಾದದ್ದು ಅಲ್ಲಿಯೇ. ಮೊದಲು ನಾನು ತರಿಸಿದ್ದು ಹದಿನೈದು ಗ್ರಾಮಿನ ಪುಟ್ಟ ಬಿಲ್ಲೆಗಳು. ಒಬ್ಬರ ಒಂದು ಸ್ನಾನಕ್ಕೆ ಧಾರಾಳವಾಯಿತು ಎಂದು ಅದನ್ನು ಮಾರಿದವರು ಹೇಳಿದ್ದರು. ಆದರೆ ನಮ್ಮ ಟಾಕಿಗೆ ನಳದ ನೀರಿನ ಜೊತೆ ಬೋರಿನ ನೀರೂ ಸೇರುತ್ತದೆ, ಆ ನೀರು ಗಡಸು. ಸಾಬೂನು ಎಂದರೆ ಕೊಬ್ಬಿನ ಆಮ್ಲಗಳ ಲವಣ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರೊಡನೆ ಕೂಡಿ ನೀರಿನಲ್ಲಿ ಕರಗದ ಬಿಳಿಯ ಜಿಡ್ಡಾಗುತ್ತವೆ. ಹೀಗೆ ಸಾಬೂನಿನ ಒಂದು ಪಾಲು ನೀರಿನ ಗಡಸುತನಕ್ಕೇ ಸಂದುಹೋದ ಮೇಲೆ ಉಳಿದದ್ದಷ್ಟೇ ನೊರೆಯಾಗುತ್ತದೆ. ಬಕೆಟ್ಟಿನ ಅಂಚಿನಲ್ಲಿ, ನಳದ ಬುಡದಲ್ಲಿ ನಮ್ಮ ಹುಡುಗಿಯರು ದಿನವೂ ತಿಕ್ಕಿ ತೆಗೆಯುವ ಆ ಬಿಳಿ ಪೊರೆಯಲ್ಲಿ ಅತಿಥಿಯ ಸಾಬೂನಿನ ಪಾಲೂ ಇದೆಯೆಂಬುದು ನನಗೆ ಅಷ್ಟು ವರ್ಷ ಹೊಳೆದೇ ಇರಲಿಲ್ಲ. ಹದಿನೈದು ಗ್ರಾಮಿನ ಬಿಲ್ಲೆ ನಮ್ಮ ನೀರಿನಲ್ಲಿ ಒಬ್ಬರ ತಲೆ, ಮೈ ತೊಳೆಯುವಷ್ಟರಲ್ಲಿ ಕೈಯಿಂದ ಜಾರಿ ಮೋರಿ ಸೇರುವಷ್ಟು ತೆಳ್ಳಗಾಗುತ್ತಿತ್ತು. ಇಬ್ಬರು ಇಳಿದುಕೊಂಡ ಕೋಣೆಯಿಂದ ಇನ್ನೊಂದು ಕೊಡಿ ಎಂಬ ಕರೆ ಬರುತ್ತಿದ್ದುದು ಅದಕ್ಕೇ.

ಈಗ ಮೂವತ್ತು ಗ್ರಾಮಿನ ಬಿಲ್ಲೆಗಳನ್ನು ತಲೆಗೊಂದರಂತೆ ಇಡುತ್ತೇವೆ. ಕೊಳ್ಳುವಾಗ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಬರೆದಿರುವ ಒಟ್ಟು ಕೊಬ್ಬಿನಾಂಶದ ಪ್ರಮಾಣವನ್ನು ನೋಡುತ್ತೇನೆ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಸ್ನಾನದ ಸಾಬೂನಿನಲ್ಲಿ ಅದು ಕನಿಷ್ಠ ಶೇ. 76 ಇರಬೇಕು. ಕೈ ತೊಳೆಯುವ ಬೇಸಿನ್ನಿನ ಹತ್ತಿರ ಬಿಲ್ಲೆಯ ಬದಲು ದ್ರವರೂಪದ ಹ್ಯಾಂಡ್‌ವಾಶ್ ಇಟ್ಟಿದ್ದೇವೆ, ಏಕೆಂದರೆ ಅಂಥವುಗಳಲ್ಲಿ ಸಾಮಾನ್ಯವಾಗಿ ಇರುವ ಕೃತಕ ಮಾರ್ಜಕಗಳು ಗಡಸು ನೀರಿನಲ್ಲಿ ಆ ಜಿಡ್ಡು ಕಟ್ಟುವುದಿಲ್ಲ. ದೊಡ್ಡ ಕೋಣೆಗಳೆರಡರಲ್ಲಿ ಮೈಸೂರು ಸ್ಯಾಂಡಲ್ ಇಡುತ್ತೇವೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಸರ್ಕಾರಿ ಕಾರ್ಖಾನೆಯಲ್ಲಿ ಶುರುವಾದ ಆ ಸಾಬೂನಿನ ಬಗ್ಗೆ ಹೊರಗಿನವರಿಗೆ ಎಷ್ಟು ಪ್ರೀತಿಯೆಂದರೆ, ಬಳಸದೆ ಉಳಿದದ್ದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗುತ್ತಾರೆ. ಇದನ್ನು ಕಳ್ಳತನವೆಂದು ನೋಡುವ ಹೋಟೆಲಿನವರನ್ನು ನಾನು ಬಲ್ಲೆ. ಟಾವೆಲ್ಲು ಹೋದರೆ ನನಗೂ ಸಿಟ್ಟು ಬರುತ್ತದೆ. ಸಾಬೂನು ಹೋದರೆ ಬರುವುದಿಲ್ಲ.

ಇನ್ನು ಸ್ಯಾಶೆಗಳ ಕತೆ. ಒದ್ದೆ ಕೈಯಿಂದ ಶಾಂಪೂ ಸ್ಯಾಶೆ ಹರಿಯಲು ಬರುವುದಿಲ್ಲ ಎಂಬುದು ತನ್ನ ಮನೆಯಲ್ಲಿ ಸ್ನಾನ ಮಾಡುವ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ, ಆದರೆ ಬುಟ್ಟಿ ತುಂಬಲು ಕುಳಿತಾಗ ಅದೇಕೋ ನೆನಪಾಗುವುದಿಲ್ಲ. ಕಸದಲ್ಲಿ ಹಲ್ಲಿನಿಂದ ಕಚ್ಚಿ ಹರಿದ ಸ್ಯಾಶೆಗಳನ್ನು ಕಾಕು ನನಗೆ ತೋರಿಸಿದರು. ಅವುಗಳನ್ನು ಬಿಟ್ಟು ತಿರುಗಿಸುವ ಮುಚ್ಚಳದ ಪುಟ್ಟ ಬಾಟಲಿಗಳಿಗೆ ಬಂದಾಗ ಇನ್ನೊಂದು ಫಜೀತಿ ಕಾದಿತ್ತು. ಶಾಂಪೂ, ಕಂಡೀಷನರ್, ಮೈಗೆ ಹಚ್ಚುವ ಲೋಷನ್, ಮೂರೂ ಒಂದೇ ಆಕಾರದ ಬಿಳಿ ಬಾಟಲಿಗಳಲ್ಲಿ, ಬೂದುಬಣ್ಣದ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬಂದವು. ಸ್ನಾನಕ್ಕೆ ಹೋಗುವವರು ಕನ್ನಡಕ ತೆಗೆದಿಟ್ಟು ಹೋಗುತ್ತಾರೆ. ನಿವೃತ್ತ ಶಿಕ್ಷಕಿಯೊಬ್ಬರು ಲೋಷನ್ನನ್ನು ಶಾಂಪೂ ಎಂದು ತಲೆಗೆ ಸುರಿದುಕೊಂಡು, ಎಷ್ಟು ನೀರು ಹಾಕಿದರೂ ಹೋಗದ ಜಿಗುಟಿನೊಡನೆ ಅರ್ಧ ಗಂಟೆ ಹೆಣಗಿ, ಗೋಲ ಗುಂಬಜಿಗೆ ಹೋಗಲು ತಡವಾಗಿ ಬಹಳ ಬೇಸರಪಟ್ಟರು. ಪಿಸುಮಾತಿನ ಗ್ಯಾಲರಿಯನ್ನು ಜನಸಂದಣಿ ಸೇರುವ ಮೊದಲು ನೋಡಬೇಕೆಂದೇ ಅವರು ಬೆಳಗಿನಲ್ಲಿ ಎದ್ದಿದ್ದರು. ಹುಡುಗರ ಗದ್ದಲ ಶುರುವಾದ ಮೇಲೆ ಅಲ್ಲಿ ಪಿಸುಮಾತು ಕೇಳುವುದೆಲ್ಲಿ ಬಂತು? ನಾನು ಕ್ಷಮೆ ಕೇಳಿದೆ, ಆದರೆ ಕಳೆದುಹೋದ ಆ ಬೆಳಗನ್ನು ಅವರಿಗೆ ಹಿಂದಿರುಗಿಸಲು ನನ್ನಿಂದಾಗಲಿಲ್ಲ. ಅಂದಿನಿಂದ ಲೋಷನ್ ಬಚ್ಚಲಮನೆಯ ಬುಟ್ಟಿಯಲ್ಲಿ ಇಲ್ಲ. ಚಳಿಗಾಲದಲ್ಲಿ ಮಾತ್ರ ಹೊರಗೆ ಕನ್ನಡಿಯ ಮೇಜಿನ ಮೇಲಿರುತ್ತದೆ. ಶಾಂಪೂ ಬಾಟಲಿಗೆ "ತಲೆಗೆ" ಎಂದು ದಪ್ಪ ಅಕ್ಷರದ ಚೀಟಿ ಅಂಟಿಸಿದ್ದೇವೆ. ನೋಡಲು ಅಷ್ಟೇನೂ ಚೆಂದವಿಲ್ಲ.

ಗೋಡೆಗೆ ಶಾಂಪೂ ಡಿಸ್ಪೆನ್ಸರ್ ಹಾಕಿಸಿ ಪ್ಲಾಸ್ಟಿಕ್ಕನ್ನೇ ಕಡಿಮೆ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಪ್ರತಿ ಸಲ ಪೂರ್ತಿ ಖಾಲಿ ಮಾಡಿ, ತೊಳೆದು, ಒಣಗಿಸಿ ತುಂಬಬೇಕು. ಅರ್ಧ ಉಳಿದದ್ದರ ಮೇಲೆಯೇ ಸುರಿಯುತ್ತ ಹೋದರೆ ಒಳಗೆ ಕೊಳೆ ಕೂಡುತ್ತದೆ. ಅಷ್ಟು ಕೆಲಸಕ್ಕೆ ಸಾಕಾಗುವಷ್ಟು ಕೈಗಳು ನನ್ನ ಪಾಳಿಯಲ್ಲಿಲ್ಲವಾದ್ದರಿಂದ ಸದ್ಯಕ್ಕೆ ಹ್ಯಾಂಡ್‌ವಾಶಿಗಷ್ಟೇ ಅದನ್ನು ಒಪ್ಪಿಕೊಂಡಿದ್ದೇನೆ.

ಶೇಂಗಾ ಚಿಕ್ಕಿಯ ಬಗ್ಗೆ ಹೇಳಲು ಈಗಲೂ ನಾಚಿಕೆ. ಬುಟ್ಟಿಗಳನ್ನು ಮೂರು-ನಾಲ್ಕು ದಿನ ಮೊದಲೇ ಕಟ್ಟಿ ದಾಸ್ತಾನು ಕೋಣೆಯಲ್ಲಿ ಇಡುತ್ತಿದ್ದೆವು. ಹೊರಗೆ ನಲವತ್ತು ಡಿಗ್ರಿಯ ಬೇಸಿಗೆ, ಒಳಗೆ ಪಾರದರ್ಶಕ ಹಾಳೆಯ ಬಿಗಿತ, ಮಧ್ಯೆ ಸಾಬೂನಿನ ಪರಿಮಳ. ಒಂದು ಮಗು ಚಿಕ್ಕಿ ಕಚ್ಚಿ, "ಅವ್ವಾ, ಇದು ಸಬಕಾರ ಐತಿ" ಎಂದು ಉಗುಳಿತಂತೆ. ಎಣ್ಣೆಯಂಶವಿರುವ ತಿನಿಸು ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ ಎಂಬುದು ಅಡುಗೆಮನೆಯಲ್ಲಿ ನನಗೆ ಚೆನ್ನಾಗಿ ಗೊತ್ತು. ಹೋಟೆಲಿಗೆ ಬಂದಾಗ ಆ ಬುದ್ಧಿ ಮನೆಯಲ್ಲಿಯೇ ಉಳಿದಿತ್ತು. ಈಗ ಚಿಕ್ಕಿಯ ಜಾಗ ಚಹಾದ ತಟ್ಟೆ. ಖಣವೂ ಬಚ್ಚಲಿನಿಂದ ಹೊರಬಿತ್ತು: ಮೊದಲೇ ತೊಳೆದು ನೋಡದೆ ಹಾಸಿದ್ದರಿಂದ ಕೆಂಪು ಬಣ್ಣ ಬಿಟ್ಟು ಎರಡು ಬಿಳಿ ಟಾವೆಲ್ಲುಗಳು ಹಾಳಾದವು. ಬಿದಿರಿನ ಬುಟ್ಟಿ ಮಾತ್ರ ಉಳಿದುಕೊಂಡಿದೆ, ಆದರೆ ನೀರು ಸಿಡಿಯದ ಎತ್ತರದ ಹಲಗೆಯ ಮೇಲೆ. ಒದ್ದೆಯಾದಲ್ಲೆಲ್ಲ ಕಪ್ಪು ಬೂಷ್ಟು ಹಿಡಿಯುವುದರಿಂದ ವಾರಕ್ಕೊಮ್ಮೆ ಎಲ್ಲವನ್ನೂ ಮಾಳಿಗೆಯ ಬಿಸಿಲಿಗೆ ಹಾಕುತ್ತೇವೆ.

ಸ್ಯಾನಿಟರಿ ಪ್ಯಾಡುಗಳನ್ನು ಇಡುವ ವಿಷಯದಲ್ಲಿ ವ್ಯವಸ್ಥಾಪಕರು ಮುಜುಗರಪಟ್ಟರು. ಕುಟುಂಬದವರು ಬರುವ ಜಾಗ, ಎದುರಿಗೇ ಇಟ್ಟರೆ ಹೇಗೆ ಎಂದರು. ರಾತ್ರಿ ಸ್ವಾಗತ ಕೌಂಟರಿನಲ್ಲಿ ಇರುವವರು ಇಬ್ಬರು ಯುವಕರು; ಅಂಗಡಿಗಳು ಮುಚ್ಚಿದ ಹೊತ್ತಿನಲ್ಲಿ ಹೆಣ್ಣುಮಗಳೊಬ್ಬಳು ಅವರಿಗೆ ಫೋನು ಮಾಡಿ ಕೇಳಬೇಕಾಗಿ ಬರುವುದಕ್ಕಿಂತ ದೊಡ್ಡ ಮುಜುಗರ ಯಾವುದು ಎಂದು ನಾನು ಕೇಳಿದೆ. ಕಾಕು ಅಲ್ಲಿಯೇ ನಿಂತಿದ್ದರು, "ಸಾಹೇಬ್ರ, ನಿಮ್ಮ ಮನ್ಯಾಗ ಇಡೂದಿಲ್ಲೇನ್ರಿ?" ಎಂದರು. ಅಲ್ಲಿಗೆ ಮಾತು ಮುಗಿಯಿತು. ಕಂದು ಕಾಗದದ ಪೊಟ್ಟಣದಲ್ಲಿ ಎರಡು ಪ್ಯಾಡು, ಜೊತೆಗೆ ಬಳಸಿದ್ದನ್ನು ಸುತ್ತಿ ಹಾಕಲು ಎರಡು ಖಾಲಿ ಚೀಲ. ಘನತ್ಯಾಜ್ಯ ನಿಯಮಗಳು ಇಂಥ ತ್ಯಾಜ್ಯವನ್ನು ಸರಿಯಾಗಿ ಸುತ್ತಿಯೇ ಹಾಕಬೇಕೆನ್ನುತ್ತವೆ. ಚೀಲಗಳನ್ನು ಇಟ್ಟ ಮೇಲೆ ಪಾಯಿಖಾನೆಯ ಕೊಳವೆ ಕಟ್ಟಿಕೊಳ್ಳುವುದೂ ಕಡಿಮೆಯಾಗಿ, ನಳದ ಕೆಲಸದವನಿಗೆ ಕೊಡುತ್ತಿದ್ದ ಹಣ ಉಳಿದದ್ದನ್ನು ವ್ಯವಸ್ಥಾಪಕರೇ ಒಂದು ದಿನ ಲೆಕ್ಕ ಹಾಕಿ ಹೇಳಿದರು.

ಉಳಿದವು ಸಣ್ಣಪುಟ್ಟ ಸಂಗತಿಗಳು. ಪ್ಲಾಸ್ಟಿಕ್ ಕಡ್ಡಿಯ ಇಯರ್ ಬಡ್ಸ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾಗಿವೆ, ಆದ್ದರಿಂದ ಕಾಗದದ ಕಡ್ಡಿಯವನ್ನು ಇಡುತ್ತೇವೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಡಿಸೆಂಬರ್, ಜನವರಿಯಲ್ಲಿ ಅದರ ಪೊಟ್ಟಣವನ್ನು ಸುಮ್ಮನೆ ಹಾಗೆಯೇ ಕೊಟ್ಟು ಪ್ರಯೋಜನವಿಲ್ಲ. ಬಿಸಿನೀರಿನ ತಂಬಿಗೆಯಲ್ಲಿ ಸ್ವಲ್ಪ ಹೊತ್ತು ಇಡಿರಿ ಎಂದು ಚೀಟಿಯಲ್ಲಿ ಒಂದು ಸಾಲು ಸೇರಿಸಿದೆವು. ಗೋಲ ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಬರುವವರು ಮೊದಲು ಹುಡುಕುವುದು ಬ್ರಷ್ಷು, ಪೇಸ್ಟು. ಅವೆರಡು ಬುಟ್ಟಿಯ ಮುಂದಿನ ಸಾಲಿನಲ್ಲಿರುತ್ತವೆ. ಅರ್ಧ ಬಳಸಿದ ಸಾಬೂನನ್ನು ಇನ್ನೊಬ್ಬ ಅತಿಥಿಗೆ ಯಾವ ಕಾರಣಕ್ಕೂ ಇಡುವುದಿಲ್ಲ, ನೆಲ ಒರೆಸುವ ಅರಿವೆ ತೊಳೆಯಲು ಬಳಸುತ್ತೇವೆ. ಪೇಸ್ಟು, ಶಾಂಪೂಗಳ ಅವಧಿ ಮುಗಿಯುವ ತಿಂಗಳನ್ನು ಪೆಟ್ಟಿಗೆಯ ಹೊರಗೆ ದೊಡ್ಡದಾಗಿ ಬರೆದು, ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಜೋಡಿಸುತ್ತೇವೆ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂದಾಗ ಇದ್ದಬದ್ದ ಕೋಣೆಗಳೆಲ್ಲ ತುಂಬುವುದರಿಂದ ಆ ತಿಂಗಳ ಸಾಮಾನನ್ನು ಡಿಸೆಂಬರಿನಲ್ಲಿಯೇ ತರಿಸಿಡಬೇಕು.

ಹೊಸ ವಸ್ತು ಯಾವುದೇ ಬಂದರೂ ಈಗ ನಾನು ಮತ್ತು ಕಾಕು ಖಾಲಿ ಕೋಣೆಯೊಂದರ ಬಚ್ಚಲಮನೆಗೆ ಹೋಗಿ, ಕನ್ನಡಕ ತೆಗೆದಿಟ್ಟು, ಕೈ ಒದ್ದೆ ಮಾಡಿಕೊಂಡು ಅದನ್ನು ಬಿಚ್ಚಿ ನೋಡುತ್ತೇವೆ. ಕಳೆದ ವಾರ ಮಾರಾಟಗಾರರೊಬ್ಬರು ಬಹಳ ಸೊಗಸಾದ ಪೇಸ್ಟಿನ ಕೊಳವೆಗಳನ್ನು ಮಾದರಿಗೆಂದು ತಂದಿದ್ದರು. ಅದರ ಬಾಯಿಯ ತಗಡನ್ನು ಚುಚ್ಚಲು ಮುಚ್ಚಳದಲ್ಲಿ ಮೊನೆಯಿರಲಿಲ್ಲ. ಕಾಕು ಒದ್ದೆ ಉಗುರಿನಿಂದ ಎರಡು ಸಲ ಕೆರೆದು, ಮೂರನೆಯ ಸಲಕ್ಕೆ ಸೀರೆಯ ಪಿನ್ನು ತೆಗೆದು ಚುಚ್ಚಿದರು. ನಾನು ಪೆಟ್ಟಿಗೆಯನ್ನು ಮುಚ್ಚಿ ಮಾರಾಟಗಾರರಿಗೆ ವಾಪಸು ಕೊಟ್ಟೆ.